ಬ್ಯಾಡ ಅನ್ನುವವರು ಬೇಕಾಗಿದ್ದಾರೆ

ಬೆನ್ನು ತಟ್ಟಿದರೆ ಕೆಲವರಿಗೆ ಹುಮ್ಮಸ್ಸು ಬರುತ್ತದಂತೆ. ನನಗೆ ಕೆಮ್ಮು ಬರುತ್ತದೆ. ಹುಟ್ಟಿದಾರಭ್ಯ ನಾನು ಏನಾದರೂ ಸಾಧಿಸಿದ್ದರೆ ಅದು ಯಾರೋ ‘ಬ್ಯಾಡ’ ಅಂದದ್ದರಿಂದ. ಈಜು ಕಲಿತದ್ದು ಹರಿಹರದ ಹೊಳೆಗೆ ಇಳಿಯಬ್ಯಾಡ ಎಂದು ಅಜ್ಜಿ ಅಂದದ್ದಕ್ಕೆ. ಗಿರಿಜೆಯನ್ನು ಮದುವೆಯಾದದ್ದು, ಭಾನುವಳ್ಳಿ ಹುಡುಗಿ, ಬಾಯಿ ಜೋರು, ಬ್ಯಾಡ ಎಂದು ಸೋದರಮಾವ ಅಂದದ್ದಕ್ಕೆ. ಮಾವನ ಮಾತು ಸುಳ್ಳಾಗಲಿಲ್ಲ, ಅದು ಬೇರೆ ವಿಷಯ.

ಆಗ ನಾನು ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಹಾಜರಿ ಗುಮಾಸ್ತ. ಹರಿಹರದಿಂದ ಬೆಳಗಿನ ರೈಲಿಗೆ ಹೋಗಿ, ಯಾರು ಬಂದರು, ಯಾರು ಬರಲಿಲ್ಲ ಎಂದು ದಿನವಿಡೀ ಬರೆಯುವುದು. ಬೇರೆಯವರು ಬಂದದ್ದನ್ನು ಬರೆದೂ ಬರೆದೂ, ನಾನು ಮಾತ್ರ ಎಲ್ಲಿಗೂ ಹೋಗಲಿಲ್ಲವಲ್ಲ ಅನ್ನಿಸುತ್ತಿತ್ತು. ಹೀಗಿರುವಾಗ ಒಂದು ದಿನ ಡಿಸೈನ್ ವಿಭಾಗದೊಳಗೆ ಇಣುಕಿದೆ. ಅಲ್ಲಿನ ಹಿರಿಯರು ಸಿದ್ಧಪ್ಪನವರು ಚೌಕುಳಿ ಕಾಗದದ ಮೇಲೆ ಕೆಲವು ಮನೆಗಳನ್ನು ಪೆನ್ಸಿಲಿನಿಂದ ತುಂಬುತ್ತಿದ್ದರು, ಕೆಲವನ್ನು ಖಾಲಿ ಬಿಡುತ್ತಿದ್ದರು. ತುಂಬಿದ ಮನೆ ಎಂದರೆ ಮರದ ಪಟ್ಟಿಯಲ್ಲಿ ಒಂದು ಗೂಟ. ಗೂಟ ಇದ್ದಲ್ಲಿ ಮಗ್ಗ ಎಳೆಗಳನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಕಾಗದದ ಒಂದು ಸಾಲಿಗೆ ಒಂದು ಪಟ್ಟಿ. ಪಟ್ಟಿಗಳನ್ನು ಸರದ ಹಾಗೆ ಕಟ್ಟಿ ಮಗ್ಗಕ್ಕೆ ತಗುಲಿಸಿದರೆ ಅದು ಸುತ್ತಿ ಸುತ್ತಿ ಬರುತ್ತದೆ. ಮಗ್ಗಕ್ಕೆ ಕನ್ನಡ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ತಿಳಿಯುವುದು ಎರಡೇ ಮಾತು: ಎತ್ತು, ಬಿಡು. ಆ ಎರಡೇ ಮಾತಿನಲ್ಲಿ ಟವೆಲ್ಲಿನ ಮೇಲೆ ಮಲ್ಲಿಗೆ ಮೊಗ್ಗು ಅರಳಿದ್ದನ್ನು ಕಂಡ ದಿನವೇ ನನಗೆ ಹುಚ್ಚು ಹಿಡಿಯಿತು.

ಕಲಿಸಿಕೊಡಿ ಎಂದು ಕೇಳಿದೆ. ಸಿದ್ಧಪ್ಪನವರು ತಲೆ ಎತ್ತಲಿಲ್ಲ. “ಹಾಜರಿ ಬರೆಯೋರಿಗೆ ಇದ್ಯಾಕ್ರಿ? ಕೈ ಹತ್ತಲ್ಲ, ಬ್ಯಾಡ,” ಅಂದರು. ಆಹಾ, ಎಂಥ ಸವಿಮಾತು! ಅಂದು ಸಂಜೆಯೇ ಚೌಕುಳಿ ಕಾಗದ ಕೊಂಡೆ. ರೈಲಿನಲ್ಲಿ ಮನೆ ತುಂಬುತ್ತ ಕೂತರೆ, ಒಬ್ಬರೇ ಚೌಕಾಬಾರ ಆಡ್ತೀರೇನ್ರಿ ಎಂದು ಜೊತೆಯವರು ಛೇಡಿಸಿದರು. ಸೋರುವ ಹೆಂಚು ಬದಲಿಸೋಕೆ ಪುರಸೊತ್ತಿಲ್ಲ, ಕಾಗದಕ್ಕೆ ಮಸಿ ಬಳಿಯೋಕೆ ಐತೆ ಎಂದು ಗಿರಿಜೆ ಪಾತ್ರೆ ಕುಕ್ಕಿದಳು. ಊರಿಗೆ ಊರೇ ಹೀಗೆ ಪ್ರೋತ್ಸಾಹಿಸುವಾಗ ಕಲಿಯದೆ ಇರಲು ಸಾಧ್ಯವೆ? ಹಟ ಹಿಡಿದು ಕಲಿತೆ. ಮ್ಯಾನೇಜರನ್ನು ಬಿಡದೆ ಕಾಡಿದೆ. ಕೊನೆಗೆ ಅವರು ಬೇಸತ್ತು, ಮಾದರಿ ಮಗ್ಗವನ್ನು ಒಂದು ಬೆಳಿಗ್ಗೆ ನನಗೆ ಬಿಟ್ಟುಕೊಟ್ಟರು. ಟವೆಲ್ ಸರಿ ಬಂದರೆ ಡಿಸೈನ್ ವಿಭಾಗ. ಕೆಟ್ಟರೆ ಸಾಯುವ ತನಕ ಹಾಜರಿ, ಮತ್ತೆ ಈ ಮಾತು ಎತ್ತಕೂಡದು.

ಮಗ್ಗ ಶುರುವಾಯಿತು. ನನ್ನ ಮೊಗ್ಗು ಮೂಡಿತು, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬಟ್ಟೆಗೆ ಅಡ್ಡಲಾಗಿ ಮೂರು ಗೆರೆ ಬಿತ್ತು, ಅಲ್ಲಿ ಅಡ್ಡನೂಲು ನೇಯ್ಗೆಗೆ ಸಿಗದೆ ಜೋತಾಡಿತು. ಮತ್ತೆ ಮೊಗ್ಗು, ಮತ್ತೆ ಮೂರು ಗೆರೆ. ಸಿದ್ಧಪ್ಪನವರು ನನ್ನ ಕಾಗದ ತೆಗೆದು ನೋಡಿದರು. ನಮ್ಮ ಮನೆತನದಲ್ಲಿ ಯಾವ ಕಾಗದಕ್ಕೆ ಕೈಹಚ್ಚಿದರೂ ಅದರ ತಲೆಯ ಮೇಲೆ ಮೊದಲು ವಿಭೂತಿಯ ಮೂರು ಗೆರೆ ಎಳೆಯುವುದು ಪದ್ಧತಿ. ನಾನೂ ಭಕ್ತಿಯಿಂದ, ಈ ಅಂಚಿನಿಂದ ಆ ಅಂಚಿಗೆ, ಮೂರು ಸಾಲು ಪೂರ್ತಿ ತುಂಬಿ ಎಳೆದಿದ್ದೆ. ಗೂಟ ಹಾಕುವಾಗ ಅದನ್ನೂ ಹಾಕಿದ್ದೆ. ಎಲ್ಲ ಎಳೆಯನ್ನೂ ಎತ್ತು ಎಂದು ಹೇಳಿದ್ದೇನೆ, ಮಗ್ಗ ಎತ್ತಿದೆ; ಅಡ್ಡನೂಲನ್ನು ಹಿಡಿಯಲು ಮೇಲೆ ಒಂದು ಎಳೆಯಾದರೆ ಕೆಳಗೆ ಒಂದು ಎಳೆ ಉಳಿದಿಲ್ಲ.

“ಟವೆಲ್ಲಿಗೂ ಇಬೂತಿ ಹಚ್ಚೀರಲ್ರಿ,” ಅಂದರು ಸಿದ್ಧಪ್ಪನವರು. ಮಗ್ಗದ ಖಾತೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸೋಲುವವನೆ? ಬೇಕಂತಲೇ ಹಾಕಿದ್ದು, ಇದು ಹೊಸ ಡಿಸೈನು ಎಂದು ವಾದಿಸಿದೆ. ಜೋತ ನೂಲಿಗೆ ನನ್ನದೇ ಉಂಗುರ ಸಿಕ್ಕಿ ಟವೆಲ್ ಚರ್ರೆಂದು ಎಳೆದುಕೊಂಡಾಗ ವಾದ ನಿಂತಿತು. ಬಾಯಿ ಮುಚ್ಚಿಕೊಂಡು ಆ ಮೂರು ಪಟ್ಟಿ ಕಳಚಿದೆ, ಸರವನ್ನು ಮತ್ತೆ ಕಟ್ಟಿದೆ. ಆಮೇಲೆ ಬಂತು ನೋಡಿ, ಮೊಗ್ಗಿನ ಹಿಂದೆ ಮೊಗ್ಗು, ಒಂದು ಎಳೆ ಆಚೀಚೆ ಇಲ್ಲ. ಸಿದ್ಧಪ್ಪನವರು ಟವೆಲ್ಲನ್ನು ಬೆಳಕಿಗೆ ಹಿಡಿದರು. “ಚೆನ್ನಾಗೈತೆ. ಒಳ್ಳೆ ಕೈ ನಿಮ್ದು,” ಅಂದರು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಡಿಸೈನ್ ವಿಭಾಗದಲ್ಲಿ ಕುರ್ಚಿ ಸಿಕ್ಕಿತು, ಪೆನ್ಸಿಲ್ ಓಡಲಿಲ್ಲ. ಸಿದ್ಧಪ್ಪನವರು ಹೋಗುತ್ತ ಬರುತ್ತ ಬೆನ್ನು ತಟ್ಟಿದರು, ನಾನು ಕೆಮ್ಮಿದೆ. ರೈಲಿನವರು ಎದ್ದು ಜಾಗ ಬಿಟ್ಟು, ಕೂಡ್ರಿ ಮಾಸ್ತರೇ ಅನ್ನತೊಡಗಿದರು. ವಾರಗಳು ಕಳೆದವು, ಒಂದು ಮನೆಯೂ ತುಂಬಲಿಲ್ಲ. ದೀಪಾವಳಿಗೆ ಹೊಸ ನಮೂನೆ ಕೊಡದಿದ್ದರೆ ಹಳೆಯ ಜಾಗ ಖಾಲಿಯೇ ಇದೆ ಎಂದು ಮ್ಯಾನೇಜರು ನೆನಪಿಸಿದರು. ನನಗೆ ನಿಜವಾಗಿ ಭಯವಾಯಿತು. ನಾಚಿಕೆ ಬಿಟ್ಟು ಗಿರಿಜೆಯ ಮುಂದೆ ಕೂತು, ಒಂದೇ ಒಂದು ಸಲ ಬ್ಯಾಡ ಅನ್ನು ಮಾರಾಯ್ತಿ ಎಂದು ಬೇಡಿಕೊಂಡೆ.

ಅವಳು ಅಕ್ಕಿ ಆರಿಸುತ್ತಿದ್ದಳು. “ನಾ ಯಾಕ ಬ್ಯಾಡ ಅನ್ಲಿ? ಬರೀರಿ, ಬಿಡ್ರಿ. ಹೆಂಗೂ ಇನ್ನು ನಿಮ್ ಕೈಲಿ ಆಗಲ್ಲ. ಇದ್ದದ್ದು ಒಂದೇ ಮೊಗ್ಗು, ಅದು ಬಂದು ಹೋತು,” ಅಂದಳು.

ನನ್ನನ್ನು ಹುರಿದುಂಬಿಸಲು ಅವಳು ಹಾಗಂದಳೆಂದು ದಯವಿಟ್ಟು ತಿಳಿಯಬೇಡಿ. ಗಿರಿಜೆಗೆ ಅಷ್ಟು ನಾಜೂಕು ಗೊತ್ತಿಲ್ಲ, ಮನಸಾರೆ ನಂಬಿಯೇ ಅಂದದ್ದು. ನನಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಕರೆದರೂ ಏಳದೆ ಬರೆದೆ. ಮರುದಿನ ಹೊಸ ನಮೂನೆಯನ್ನು ಸಿದ್ಧಪ್ಪನವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ನೋಡಿ, ಮುಖ ಅರಳಿಸಿ ಬಾಯಿ ತೆರೆಯುವಷ್ಟರಲ್ಲಿ ನಾನು ಎರಡೂ ಕೈ ಮುಗಿದೆ.

“ದಯಮಾಡಿ ಚೆನ್ನಾಗೈತೆ ಅನ್ನಬ್ಯಾಡ್ರಿ,” ಅಂದೆ. “ನಾನು ಸಂಸಾರಸ್ಥ.”