ಅಮೆರಿಕದ ಗೀಟು, ಬನಹಟ್ಟಿಯ ಕರೆಂಟು

ನನ್ನ ಸೋದರಮಾವನಿಗೆ ದೇವರ ಮೇಲೆ ಒಂದೇ ಒಂದು ತಕರಾರಿತ್ತು. ಸೃಷ್ಟಿಯನ್ನೇನೋ ಬರೋಬ್ಬರಿ ಮಾಡಿದ್ದಾನೆ, ಟೈಮಿಂಗ್ ಮಾತ್ರ ಕೂಡಿಸಿಲ್ಲ!

"ಹಲ್ಲಿದ್ದವಗ ಕಡ್ಲಿ ಇಲ್ಲ, ಕಡ್ಲಿ ಇದ್ದವಗ ಹಲ್ಲಿಲ್ಲ ಅಂತಾರಲ್ಲ, ಅದು ಹಣೇಬರಾ ಅಲ್ಲವ್ವಾ, ಟೈಮಿಂಗ್ ತಪ್ಪಿದ್ದು," ಎನ್ನುತ್ತಿದ್ದ. ದೇವರ ಕೈಗೆ ಸಿಗುವ ಮೊದಲು ತನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಸರಿಪಡಿಸುವುದು ಅವನ ವ್ರತ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವುದು ಅವನ ಕಸುಬು. ನೂಲಿನ ಎಳೆಗಳು ಬಾಯಿ ತೆರೆಯುವುದಕ್ಕೂ ಲಾಳಿ ಹಾರುವುದಕ್ಕೂ ಕಣ್ಣೆವೆಯಷ್ಟು ಹೆಚ್ಚುಕಡಿಮೆಯಾದರೆ ಸೀರೆ ಹರಿಯುತ್ತದೆ. ಅದನ್ನು ಕೂಡಿಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಆದರೆ ಮನುಷ್ಯ ಮಗ್ಗದ ಹತ್ತಿರವೇ ನಿಲ್ಲಬೇಕಲ್ಲ!

ನನ್ನ ಅಕ್ಕನ ಮದುವೆ ರಬಕವಿಯಲ್ಲಿ ಆಯಿತು. ಬಾಜಾ ಬಾರಿಸುವುದಕ್ಕೂ ಜನ ಅಕ್ಕಿಕಾಳು ಒಗೆಯುವುದಕ್ಕೂ ಹೊಂದಾಣಿಕೆ ಇರುವುದಿಲ್ಲ ಎಂದು ಮಾವನಿಗೆ ಮೊದಲಿನಿಂದಲೂ ಸಿಟ್ಟು. ಅಂದು ಕುರ್ಚಿಯ ಮೇಲೆ ನಿಂತು, "ನಾ ಕೈ ಮಾಡೂತನಾ ಯಾರೂ ಒಗೀಬ್ಯಾಡ್ರಿ!" ಎಂದು ಹೇಳಲು ಕೈ ಎತ್ತಿದ. ಅವನ ಮಾತು ಯಾರಿಗೆ ಕೇಳಬೇಕು ಆ ಗದ್ದಲದಲ್ಲಿ? ಕೈ ಮಾತ್ರ ಕಂಡಿತು. ಬಾಜಾ ಮೊಳಗಿತು, ಅಕ್ಕಿಕಾಳು ಸುರಿಯಿತು, ಮದುಮಗ ಇನ್ನೂ ಮುಂಡಾಸು ಸುತ್ತಿಸಿಕೊಳ್ಳುತ್ತಿದ್ದ! ಅವ್ವ ಹಲ್ಲು ಕಡಿದಳು. ಮಾವ ಮಾತ್ರ ಕುರ್ಚಿಯಿಂದ ಇಳಿಯುತ್ತ ಅವಳಿಗೆ, "ಏನ ಅನ್ನು ಅಕ್ಕಾ, ಎಲ್ಲಾರೂ ಒಂದ ಸಲಕ್ಕ ಒಗದ್ರ ನೋಡು," ಎಂದ. ಅವತ್ತು ಎರಡು ಸಲ ಅಕ್ಕಿಕಾಳು ಬಿದ್ದದ್ದಕ್ಕೇ ಅಕ್ಕನ ಸಂಸಾರ ಗಟ್ಟಿಯಾಗಿದೆ ಎಂದು ಕೊನೆಯವರೆಗೂ ಹೇಳಿಕೊಂಡು ತಿರುಗಿದ.

ಇಂಥವನು ಕಂಪ್ಯೂಟರಿನ ಹತ್ತಿರ ಬಂದರೆ ಗತಿಯೇನು? ಬಂದ!

ತೊಂಬತ್ತರ ದಶಕದ ಆರಂಭ. ನಾನು ನೇಕಾರರ ಸಂಘವೊಂದರಲ್ಲಿ ಹಂಗಾಮಿ ಟೈಪಿಸ್ಟ್. ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ. ಸಂಘಕ್ಕೆ ಕಂಪ್ಯೂಟರ್ ಬಂದಾಗ ಮ್ಯಾನೇಜರರು ಅದನ್ನು ನನ್ನ ಮೇಜಿನ ಮೇಲಿಟ್ಟರು. ಆಗ ಬರೆದದ್ದನ್ನೆಲ್ಲ ತೆಳ್ಳನೆಯ ಚೌಕದ ಫ್ಲಾಪಿಯಲ್ಲಿ ಕೂಡಿಡಬೇಕು. ಫ್ಲಾಪಿ ತೂರಿಸಲು ಮಶೀನಿಗೆ ಎರಡು ಬಾಯಿ: ಎಡಗಡೆಯದು ಓದುತ್ತಿತ್ತು, ಬರೆಯುತ್ತಿರಲಿಲ್ಲ. ಬರೆಯುವುದೆಲ್ಲ ಬಲಗಡೆಯದೇ. ಅದೂ ಒಮ್ಮೆ ಕೆಟ್ಟು, ಹುಬ್ಬಳ್ಳಿಯಿಂದ ಬಂದ ಹುಡುಗನೊಬ್ಬ ಟೈ ಸರಿಪಡಿಸಿಕೊಳ್ಳುತ್ತಲೇ ಅದನ್ನೂ ಸರಿಪಡಿಸಿ ಹೋಗಿದ್ದ.

ಮಗ್ಗದ ಕೋಣೆಯಿರುವ ಮನೆಗಳಿಗೆ ಅರ್ಜಿ ಹಾಕಿದ ನೇಕಾರರ ಪಟ್ಟಿಯನ್ನು ನಾನು ತಿಂಗಳುಗಟ್ಟಲೆ ಕೂತು ಬಡಿದು, ಫ್ಲಾಪಿಯನ್ನು ವಿಜಾಪುರದ ದೊಡ್ಡ ಕಚೇರಿಗೆ ಕಳಿಸಿದೆ. ಅದು ವಾಪಸ್ ಬಂತು. ಜೊತೆಗೆ ಅವರದೇ ಒಂದು ಫ್ಲಾಪಿ, ಒಂದು ಚೀಟಿ: "ನಿಮ್ಮದರಲ್ಲಿ ಏನೂ ಇಲ್ಲ. ಇದರಲ್ಲಿ ಬರೆದು ಶನಿವಾರದೊಳಗೆ ಕಳಿಸಿ." ನನ್ನದು ನಮ್ಮ ಮಶೀನಿನಲ್ಲಿ ಚೆನ್ನಾಗಿ ತೆರೆಯುತ್ತಿತ್ತು, ಅವರದು ಬಲಗಡೆಯ ಬಾಯಿಗೆ ಹಾಕಿದರೆ ಗರಗರ ಎಂದು ಸುಮ್ಮನಾಗುತ್ತಿತ್ತು!

ಮ್ಯಾನೇಜರರು, "ಶನಿವಾರ ಪಟ್ಟಿ ಹೋಗಲಿಲ್ಲಂದ್ರ ಸೋಮವಾರದಿಂದ ನೀವು ಬರೂದು ಬ್ಯಾಡ್ರಿ," ಎಂದರು. ಅಂದು ಶುಕ್ರವಾರ. ಅವರು ಊಟಕ್ಕೆ ಹೋದರು. ನನಗೆ ಊಟದ ಡಬ್ಬಿ ಕೊಡಲು ಬಂದ ಮಾವ ನನ್ನ ಕಣ್ಣೀರು ನೋಡಿದ. ಕಾರಣ ಕೇಳಿದ. ಹೇಳಿದೆ.

"ತಾ ಬರದದ್ದ ತಾನ ಓದತೈತಿ, ಮಂದೀದು ಓದೂದಿಲ್ಲ? ಟೈಮಿಂಗ್ ಕೆಟ್ಟೈತಿ ಬಿಡ. ಸ್ಕ್ರೂ ಡ್ರೈವರ್ ಐತಿ ನನ್ನ ಕಡೆ."

"ಮಾವಾ, ಕೈ ಮುಗೀತೇನಿ, ಇದು ಮಗ್ಗ ಅಲ್ಲ."

"ತಿರಗತೈತಿಲ್ಲೋ? ತಿರಗೂದೆಲ್ಲಾ ಮಗ್ಗನ!"

ಪೆಟ್ಟಿಗೆ ಬಿಚ್ಚಿದ. ಬಲಗಡೆಯ ಬಾಯಿಯನ್ನು ತಂತಿಗಳ ಸಮೇತ ಹೊರಗೆಳೆದು ಬೋರಲು ಹಾಕಿದ. ಫ್ಲಾಪಿ ತಿರುಗಿಸುವ ಗಾಲಿಯ ಮೇಲೆ ಎರಡು ಸುತ್ತು ಕಪ್ಪು ಗೀಟುಗಳಿದ್ದವು. ಒಂದು ಸುತ್ತಿನ ಪಕ್ಕ ಐವತ್ತು ಎಂದೂ ಇನ್ನೊಂದರ ಪಕ್ಕ ಅರವತ್ತು ಎಂದೂ ಅಚ್ಚಾಗಿತ್ತು. ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿದರೆ ಅರವತ್ತರ ಗೀಟುಗಳು ಕಲ್ಲಿನಂತೆ ನಿಂತಿದ್ದವು, ಐವತ್ತರವು ಹರಿಯುತ್ತಿದ್ದವು. ಮಾವ ತೊಡೆ ತಟ್ಟಿಕೊಂಡು ನಕ್ಕ.

"ಟ್ಯೂಬ್‌ಲೈಟು ಸೆಕೆಂಡಿಗೆ ಎಷ್ಟೋ ಸಲ ಕಣ್ಣ ಮಿಟಕಸ್ತೈತವಾ. ಗಾಲಿ ಅದಕ್ಕ ಸರಿಯಾಗಿ ತಿರಗಿದ್ರ ಗೀಟು ನಿಂತಂಗ ಕಾಣತಾವ. ಮಗ್ಗದ ಗಾಲಿಗೆ ಸುಣ್ಣದ ಗೀಟ ಹಾಕಿ ನಾ ಹಂಗ ನೋಡಾಂವ. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ಹೊಯ್ದಾಡೂದು, ಎಲ್ಲಾ ಮೋಟಾರಿನ ಮ್ಯಾಲೂ ಬರದಿರ್ತೈತಿ. ಅರವತ್ತು ಯಾವ ಊರಿಂದು?"

"ಅಮೆರಿಕದ್ದಿರಬೇಕು."

"ನೋಡವಾ, ನಿಮ್ಮ ಟೈದಾಂವ ಬನಹಟ್ಟಿಯಾಗ ಕುಂತು ಅಮೆರಿಕದ ಗೀಟ ನಿಂದ್ರಿಸಿ ಹೋಗ್ಯಾನ!"

ಚೂರು ಸ್ಕ್ರೂ ತಿರುಗಿಸಿದ. ಗಾಲಿ ಜೋರಾಯಿತು, ಐವತ್ತರ ಗೀಟುಗಳು ನಿಂತವು. ವಿಜಾಪುರದ ಫ್ಲಾಪಿ ಗಪ್ಪನೆ ತೆರೆಯಿತು! ನಾನು ಕುಣಿದೆ. ನನ್ನ ಪಟ್ಟಿಯ ಫ್ಲಾಪಿ ಹಾಕಿದೆ. ಗರಗರ. ಏನೂ ಇಲ್ಲ. ತಪ್ಪು ವೇಗದಲ್ಲಿ ಬರೆದದ್ದು ಸರಿಯಾದ ವೇಗದಲ್ಲಿ ಹೇಗೆ ಓದೀತು?

"ಹೊಸಾ ಬೀಗರ ಕೂಡ ಮಾತ ಸುರುವಾತು, ಹಳೇ ಬೀಗರು ಮುನಿಸಿಕೊಂಡ್ರು," ಎಂದು ಮಾವ ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಪಟ್ಟೀನ ಫ್ಲಾಪಿಯಿಂದ ಬಿಚ್ಚಿ, ಮಶೀನು ತನ್ನ ತಲಿಯೊಳಗ ಹಿಡಕೊಂಡ ನಿಂದರತೈತೇನು?"

"ನಿಂದರತೈತಿ. ಕರೆಂಟ್ ಇರೂತನಾ."

ದಿನಾಲೂ ಕರೆಂಟು ಮೂರಕ್ಕೆ ಹೋಗುತ್ತಿತ್ತು. ಆಗ ಎರಡೂ ನಲವತ್ತು. ಮಾವ ಸ್ಕ್ರೂವನ್ನು ಮತ್ತೆ ಅಮೆರಿಕಕ್ಕೆ ತಿರುಗಿಸಿದ, ನಾನು ಪಟ್ಟಿಯನ್ನು ಪರದೆಗೆ ತಂದೆ. ಮಶೀನು ಆರಿಸದೆ ಅವನು ಸ್ಕ್ರೂವನ್ನು ಬನಹಟ್ಟಿಗೆ ತಂದ, ನಾನು ವಿಜಾಪುರದ ಫ್ಲಾಪಿಯಲ್ಲಿ ಬರೆಸಿದೆ. ಆ ಬಾಯಿಯ ಪಕ್ಕದ ಕೆಂಪು ದೀಪ ಆರುವವರೆಗೆ ಇಬ್ಬರೂ ಅದನ್ನೇ ನೋಡಿದೆವು. ಮತ್ತೆ ತೆರೆದು ನೋಡಿದರೆ ಒಂದು ಹೆಸರೂ ತಪ್ಪಿರಲಿಲ್ಲ. ಫ್ಲಾಪಿಯನ್ನು ಹೊರಗೆ ತೆಗೆದೆ, ಫ್ಯಾನು ನಿಂತಿತು.

ಇಲ್ಲೊಂದು ಮಾತು ಹೇಳಬೇಕು. ಮಾವ ಆ ಸಂಘದಲ್ಲಿ ರಿಪೇರಿ ಕೆಲಸ ಕೊಡಿ ಎಂದು ಎರಡು ಸಲ ಅರ್ಜಿ ಹಾಕಿದ್ದ. ಏಳನೇ ತರಗತಿ ಪಾಸಾಗಿಲ್ಲ ಎಂದು ಇದೇ ಮ್ಯಾನೇಜರರು ಎರಡು ಸಲವೂ ತಿರುಗಿ ಕಳಿಸಿದ್ದರು. ಈಗ ಅವರ ಮುಖದ ಮುಂದೆ ಎದೆ ಸೆಟೆಸಿ ನಿಲ್ಲುವ ಗಳಿಗೆ ಬಂದಿತ್ತು. ಹೊರಗೆ ಅವರ ಚಪ್ಪಲಿ ಸಪ್ಪಳ ಕೇಳಿತು. ಮಾವ ಸ್ಕ್ರೂ ಡ್ರೈವರನ್ನು ನನ್ನ ಮುಷ್ಟಿಯಲ್ಲಿ ತುರುಕಿದ.

"ಯಾರ್ರೀ ಇದನ್ನ ಬಿಚ್ಚಿದವ್ರು?"

"ಆಕಿನ ಬಿಚ್ಚಿ ಆಕಿನ ರಿಪೇರಿ ಮಾಡ್ಯಾಳ್ರೀ ಸಾಹೇಬ್ರ," ಎಂದ ಮಾವ, ಕೈ ಕಟ್ಟಿ ನಿಂತು. "ನಂಗೇನ ತಿಳೀತೈತ್ರಿ ಇದು? ನಾ ಊಟದ ಡಬ್ಬಿ ಕೊಡಾಕ ಬಂದಿದ್ದೆ."

ಶನಿವಾರ ವಿಜಾಪುರದಲ್ಲಿ ಪಟ್ಟಿ ತೆರೆಯಿತು. ನನ್ನ ನೌಕರಿ ಕಾಯಂ ಆಯಿತು. ಯಾಕೆ ಹಾಗೆಂದೆ ಎಂದು ಕೇಳಿದ್ದಕ್ಕೆ ಮಾವ, "ನಾ ಮಾಡೀನಿ ಅಂದಿದ್ರ ನನಗೊಂದು ಚಾ ಕುಡಸ್ತಿದ್ರು, ನಿನ್ನ ಮನೀಗೆ ಕಳಸ್ತಿದ್ರು," ಎಂದಷ್ಟೇ ಹೇಳಿದ. ಮದುವೆಯ ಅಕ್ಕಿಕಾಳಿನ ಕೀರ್ತಿಯನ್ನೂ ಬಿಟ್ಟುಕೊಡದ ಮನುಷ್ಯ ಈ ಸಂಗತಿಯನ್ನು ನನ್ನ ಅವ್ವನಿಗೂ ಹೇಳಲಿಲ್ಲ.

ನನ್ನ ನಿವೃತ್ತಿಯ ದಿನ ಭಾಷಣ ಮಾಡಿದವರೆಲ್ಲ ಆ ಶುಕ್ರವಾರದ ಕಥೆ ಹೇಳಿದರು. ಸ್ಕ್ರೂ ಡ್ರೈವರ್ ಹಿಡಿದ ಹೆಣ್ಣುಮಗಳು ಎಂದು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಶಾಲು ಹೊದೆಸಿಕೊಂಡೆ. ಮಾವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿದವನು ಅವನು, ನಾನಲ್ಲ. ಇದನ್ನು ನಾನು ಅವನು ಇದ್ದಾಗಲೇ, ನಾಲ್ಕು ಜನರ ಮುಂದೆ ಹೇಳಬೇಕಿತ್ತು.