ಬ್ಯಾಡಗಿಯ ಸಿಳ್ಳೆಸಂಹಾರ

ಕಿವಿಯುಳ್ಳವರೆಲ್ಲ ಕೇಳಿರಿ. ಕೃತಯುಗದಲ್ಲಿ ದೇವತೆಗಳು ವಿಮಾನವೇರಿ, ತ್ರೇತೆಯಲ್ಲಿ ರಾಜರು ರಥವೇರಿ, ದ್ವಾಪರದಲ್ಲಿ ಸಾರಥಿಗಳೇ ರಾಜರಿಗಿಂತ ದೊಡ್ಡವರಾಗಿ ಮೆರೆದು ಮುಗಿದ ಮೇಲೆ, ಇಬ್ಬರಿಗೆ ಬೇಡವಾದ ಕಾರನ್ನೇರಿ ಮೂರನೆಯವನು ಮೆರೆಯುವ ಕಲಿಯುಗವು ಪ್ರಾಪ್ತವಾಗಲಾಗಿ, ಒಣಮೆಣಸಿನಕಾಯಿಯ ಘಾಟಿಗೆ ಅಷ್ಟದಿಕ್ಪಾಲಕರೂ ಸೀನುವ ಬ್ಯಾಡಗಿ ಪಟ್ಟಣದಲ್ಲಿ, ದಲಾಲಕುಲತಿಲಕನೂ ಸ್ವಪ್ರಶಂಸಾಪಾರಾವಾರನೂ ಪರದೂಷಣಧುರಂಧರನೂ ಆದ ಮಹಾರುದ್ರಪ್ಪ ಹಂಚಿನಮನಿ ಎಂಬೊಬ್ಬ ವೀರನಿದ್ದನು. ಅವನ ಪರಾಕ್ರಮವನ್ನು ಹಾಡಲು ನಾನು ವಾಗ್ದೇವಿಯನ್ನು ಕರೆದೆ. ವಿಷಯ ಏನೆಂದು ಕೇಳಿ ಅವಳು ಬರಲಿಲ್ಲ. ಇರುವ ನಾಲಿಗೆಯಲ್ಲೇ ಹೇಳುತ್ತೇನೆ.

ಅವನ ವಾಹನವೋ! ಇಪ್ಪತ್ತೊಂದು ವರ್ಷ ಪ್ರಾಯದ, ಕೃಷ್ಣಮೇಘವರ್ಣದ, ಚರ್ಮಾಸನಶೋಭಿತವಾದ, ಪುಣೆಯ ಡಾಕ್ಟರರೊಬ್ಬರೂ ಬೆಳಗಾವಿಯ ಗುತ್ತಿಗೆದಾರರೊಬ್ಬರೂ ಉಂಡು ಬಿಟ್ಟ ವಿದೇಶೀ ಕಾರು. ಅದಕ್ಕೆ ಐರಾವತವೆಂದು ಅವನೇ ಹೆಸರಿಟ್ಟ, ಅವನೇ ಕರೆದ, ಬೇರೆ ಯಾರೂ ಕರೆಯಲಿಲ್ಲ. “ಎಂಬತ್ತರಾಗ ಹೊಂಟಿದ್ರೂ ಒಳಗ ಕುಂತವನಿಗೆ ತನ್ನ ಕೈಗಡಿಯಾರದ ಸಪ್ಪಳ ಕೇಳಸ್ತೈತಿ ನೋಡ್ರಿ” ಎಂದು ಮಾರುಕಟ್ಟೆಯಲ್ಲಿ ಅವನು ಎಷ್ಟು ಸಲ ಹೇಳಿದ್ದನೆಂದರೆ, ಅವನು ಬಾಯಿ ತೆರೆದೊಡನೆ ಹಮಾಲರೇ ಮಿಕ್ಕ ಮಾತನ್ನು ಮುಗಿಸುತ್ತಿದ್ದರು.

ಈ ಬಡಾಯಿಯೇ ಅವನಿಗೆ ಒಂದು ಪಟ್ಟವನ್ನು ಕಟ್ಟಿತು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ, ಈಗ ಹಾವೇರಿಯಲ್ಲಿ ಮಗಳ ಮನೆಯಲ್ಲಿರುವ ಗುತ್ತಲ ಮಾಸ್ತರರಿಗೆ ತೊಂಬತ್ತು ತುಂಬುತ್ತಿತ್ತು. ದಸರೆ ಮುಗಿದ ಮೇಲಿನ ರವಿವಾರ ಬ್ಯಾಡಗಿಯಲ್ಲಿ ಸತ್ಕಾರ. ಅವರನ್ನು ಕರೆತರಲು ಪಟ್ಟೇದ ಸಾವಕಾರರ ಹೊಚ್ಚಹೊಸ ಕಾರು ಸಿದ್ಧವಿದ್ದರೂ, ನಮ್ಮ ವೀರನು ಸಭೆಯಲ್ಲಿ ಎದ್ದು ನಿಂತು, ಮೌನವಾಹನವೊಂದೇ ಗುರುಗಳಿಗೆ ತಕ್ಕದ್ದೆಂದು ಎದೆ ತಟ್ಟಿ ಆ ಗೌರವವನ್ನು ಕಸಿದುಕೊಂಡನು.

ದಸರೆ ಕಳೆಯಿತು. ಮರುದಿನ ಮೋಟೆಬೆನ್ನೂರಿನ ಬಳಿ ಹೆದ್ದಾರಿಗೆ ಬಿದ್ದು ಮುಳ್ಳು ಎಂಬತ್ತನ್ನು ಮುಟ್ಟಿದ್ದೇ ತಡ, ಸ್ಟೇರಿಂಗು ಚಳಿಜ್ವರ ಬಂದವರಂತೆ ಗಡಗಡ ನಡುಗಿತು. ಬಲಗಿವಿಯ ಪಕ್ಕದಲ್ಲಿ ಸುಂಯ್ ಎಂದು ಸಿಳ್ಳೆ ಹೊರಟಿತು. ಅರವತ್ತಕ್ಕೆ ಇಳಿಸಿದರೆ ಎರಡೂ ಮಾಯ. ಮತ್ತೆ ಎಂಬತ್ತು, ಮತ್ತೆ ನಡುಕ, ಮತ್ತೆ ಸಿಳ್ಳೆ. ಪಟ್ಟೇದರು ಈ ಸಿಳ್ಳೆಯನ್ನು ಕೇಳಿದರೆ ಏನಾದೀತೆಂದು ವೀರನ ಎದೆ ಕಾರಿಗಿಂತ ಜೋರಾಗಿ ನಡುಗಿತು.

ಇಂಥ ಹೊತ್ತಿನಲ್ಲಿ ಧೀರರು ಕಾರಣ ಹುಡುಕುತ್ತಾರೆ. ಮಹಾರುದ್ರಪ್ಪನು ಒಬ್ಬ ಮನುಷ್ಯನನ್ನು ಹುಡುಕಿದನು. ದಸರೆಗೆ ಎಂಟು ದಿನ ಮೊದಲು ಬ್ರೇಕ್ ರಿಪೇರಿ ಮಾಡಿದವನು ಮೆಕ್ಯಾನಿಕ್ ರಾಜೇಸಾಬ. ಸಿಕ್ಕಿತಲ್ಲ! “ರಾಜೇಸಾಬ ಕೈ ಹಚ್ಚಿದ ಮ್ಯಾಲೇ ನನ್ನ ಗಾಡಿ ಕೆಟ್ಟು ಹೋತು” ಎಂದು ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಟೆಂಡರು ನಡೆಯುವಲ್ಲಿ, ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಬಳಿದುಕೊಂಡೇ ಸಾರಿದನು. ರಾಜೇಸಾಬನೂ ಗುತ್ತಲ ಮಾಸ್ತರರ ಶಿಷ್ಯನೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬಿಡುವ ಮುಂಚೆ ನಿಂತುಹೋಗಿದ್ದ ಶಾಲೆಯ ಗಡಿಯಾರವನ್ನು ನಡೆಸಿಕೊಟ್ಟಾಗ ಮಾಸ್ತರರು ಅವನ ಕೈ ಹಿಡಿದು, “ಈ ಕೈಯಾಗ ಸುಳ್ಳಿಲ್ಲ ನೋಡ್” ಎಂದಿದ್ದರು. ಅವನಿಗೆ ಇದ್ದ ಸರ್ಟಿಫಿಕೇಟು ಅದೊಂದೇ. ಈಗ ಊರೆಲ್ಲ ಆಡುತ್ತಿರುವ ಮಾತು ಮಾಸ್ತರರ ಕಿವಿಗೂ ಬಿದ್ದಿರುತ್ತದೆಂದು ಅವನಿಗೆ ಅನ್ನ ಸೇರದಾಯಿತು. ಇದು ನನಗೆ ನಗುವ ವಿಷಯವಲ್ಲ. ನಗುವುದೆಲ್ಲ ಆ ಇನ್ನೊಬ್ಬನನ್ನು ನೋಡಿ.

ಶುಕ್ರವಾರ ಬೆಳಿಗ್ಗೆ ರಾಜೇಸಾಬ ತಾನಾಗಿಯೇ ವೀರನ ದಲಾಲಿ ಅಂಗಡಿಗೆ ಬಂದನು. ಅವನನ್ನು ಕಂಡೊಡನೆ ವೀರನು, “ಎಲವೋ ಯಂತ್ರಮರ್ಮಘಾತುಕನೇ, ನನ್ನ ಐರಾವತದ ಗಂಡಸ್ಥಲಕ್ಕೆ ಕೊಡಲಿಯಿಟ್ಟು ನೀನು ಎಲ್ಲಿ ಬದುಕುವೆ?” ಎಂದು ಗರ್ಜಿಸಿದನೆಂದು ಬರೆಯುವುದು ನಮ್ಮ ಕವಿಮರ್ಯಾದೆ. ಅವನ ಬಾಯಿಂದ ನಿಜವಾಗಿ ಬಂದದ್ದು ಇಷ್ಟು: “ಏ ರಾಜೇಸಾಬ, ಏನ್ ಮಾಡಿಟ್ಟೀಪಾ ನನ್ನ ಗಾಡಿಗೆ?”

“ನನ್ನ ಕೈಯಿಂದ ಆಗಿದ್ರ ನಾನ ಹೇಳ್ತೀನ್ರಿ ಸಾವ್ಕಾರ್ರ. ಮದ್ಲ ಒಂದ್ ಸಲ ನೋಡೂಣು.”

ಅವನ ಆಯುಧಗಳು ಎರಡೇ. ಒಂದು ಟೇಪಿನ ಸುರುಳಿ, ಇನ್ನೊಂದು ಕಾಗದದ ಚೀಟಿ. ಒಂದೊಂದೇ ಬಾಗಿಲಿನ ಸಂದಿಗೆ ಟೇಪು ಮೆತ್ತಿ ಗಾಡಿ ಓಡಿಸುವುದು, ಯಾವ ಸಂದಿ ಮುಚ್ಚಿದಾಗ ಸಿಳ್ಳೆ ನಿಲ್ಲುತ್ತದೋ ಕಳ್ಳ ಅಲ್ಲಿದ್ದಾನೆ. ಓಡಿಸುವವನು ವೀರನೇ, ಏಕೆಂದರೆ ಆ ಆಸನವನ್ನು ಅವನು ಇನ್ನೊಬ್ಬರಿಗೆ ಬಿಟ್ಟುಕೊಡನು. ಹಿಂದಿನ ಎಡಬಾಗಿಲಿಗೆ ಟೇಪು ಮೆತ್ತಿ ಹೊರಟರು, ಸಿಳ್ಳೆ ಬಂತು. “ನಾ ಹೇಳಿಲ್ಲೇನು? ಇದು ಗೇರ್ ಬಾಕ್ಸಿನ ರೋಗ” ಎಂದನು ವೀರ. ಹಿಂದಿನ ಬಲಬಾಗಿಲು, ಮತ್ತೆ ಸಿಳ್ಳೆ. “ಇಂಜಿನ್ ಸಡ್ಲ ಆಗೈತಿ.” ಮುಂದಿನ ಎಡಬಾಗಿಲು, ಮತ್ತೂ ಸಿಳ್ಳೆ. “ಹೆದ್ದಾರಿ ಸರಿ ಇಲ್ಲ, ಸರಕಾರದವ್ರು ನುಂಗ್ಯಾರ.” ರಾಜೇಸಾಬ ಹಳೆಯ ಟೇಪು ಕಿತ್ತನು. ನಾಲ್ಕನೆಯ ಸಲ ವೀರನ ಸ್ವಂತ ಬಾಗಿಲಿಗೆ, ಕನ್ನಡಿಯ ಮೂಲೆಯಿಂದ ಕೆಳಗಿನವರೆಗೆ ಟೇಪು ಎಳೆದನು. ಎಂಬತ್ತು ಮುಟ್ಟಿತು. ಸ್ಟೇರಿಂಗು ನಡುಗಿತು, ಆದರೆ ಸಿಳ್ಳೆ ಸತ್ತಿತ್ತು.

ಅಂಗಡಿಗೆ ಮರಳಿ, ಟೇಪು ಕಿತ್ತು, ಚೀಟಿಯನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಿದನು. ಬೇರೆ ಕಡೆ ಬಿಗಿಯಾಗಿ ಕಚ್ಚಿಕೊಂಡ ಚೀಟಿ ಕನ್ನಡಿಯ ಮೂಲೆಯಲ್ಲಿ ಸಲೀಸಾಗಿ ಜಾರಿ ಬಂತು. ಅಲ್ಲಿನ ರಬ್ಬರನ್ನು ಉಗುರಿನಿಂದ ಎತ್ತಿದನು. ಗೇಣುದ್ದದ ಅರಿಶಿಣದ ದಾರ, ಅದಕ್ಕೊಂದು ಒಣಗಿದ ಬಾಳೆಯ ನಾರು.

ಆಯುಧಪೂಜೆಯ ದಿನ ಐರಾವತವನ್ನು ಯಾರೂ ಮುಟ್ಟಕೂಡದೆಂದು ಆಜ್ಞೆಯಿತ್ತು. ಬಾಳೆಕಂದುಗಳನ್ನು ಎರಡೂ ಕನ್ನಡಿಗಳಿಗೆ ಕಟ್ಟಿ, ಗಂಟು ಜಾರಬಾರದೆಂದು ದಾರದ ತುದಿಯನ್ನು ತನ್ನ ಬಾಗಿಲಲ್ಲಿ ಸಿಕ್ಕಿಸಿ ಹಾಕಿ, ಪೂಜೆ ಮುಗಿದ ಮೇಲೆ ಜಗ್ಗಿ ಹರಿದು ಒಗೆದ ಆ ಹಸ್ತ ಯಾರದೆಂದು ಬೇರೆ ಹೇಳಬೇಕೆ?

“ಅದು ದೇವರ ದಾರ,” ಎಂದನು ವೀರ. “ಅದರಿಂದ ಹ್ಯಾಂಗ ಸಿಳ್ಳೆ ಬರ್ತೈತಿ?”

“ನೀವು ಬಾಗ್ಲಾದಾಗ ಸಿಗ್ಸೀರಿ ಅಂತ ದೇವ್ರಿಗೇನ್ ಗೊತ್ರಿ ಸಾವ್ಕಾರ್ರ.”

ಇನ್ನು ನಡುಕ. ಅಂಗಡಿಯ ಮುಂದೆಯೇ ಜಾಕು ಕೊಟ್ಟು ಮುಂದಿನ ಚಕ್ರ ಬಿಚ್ಚಿದನು. ಒಳಮೈ ಬೆಳ್ಳಿಯ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪಿನ ನಡುವೆ ಒಂದೆಡೆ ಹಳೆಯ ಅಂಟಿನ ಕಲೆ. ಓಟದಲ್ಲಿ ಚಕ್ರ ಅದುರಿ ಸ್ಟೇರಿಂಗು ನಡುಗದಂತೆ ತೂಕ ಸರಿದೂಗಿಸಲು ಅಲ್ಲಿ ಸೀಸದ ಬಿಲ್ಲೆಗಳನ್ನು ಅಂಟಿಸಿರುತ್ತಾರೆ.

“ಇಲ್ಲಿ ಸೀಸದ ತುಂಡು ಇದ್ದುವಲ್ರಿ. ಎಲ್ಲಿ ಹೋದುವು?”

ಸ್ವಪ್ರಶಂಸಾಪಾರಾವಾರವು ಒಮ್ಮೆಲೇ ಬತ್ತಿತು. ಪೂಜೆಯ ಮುನ್ನಾದಿನ, ಚಕ್ರದ ಸಂದಿಗಳಲ್ಲಿ ಕೈ ತೂರಿಸಿ, ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಯಾರೋ ಮೆತ್ತಿಹೋದ ಹೊಲಸೆಂದು ಅವನ್ನು ಚಾಕುವಿನಿಂದ ಕೆತ್ತಿ ತೆಗೆದವನು ತಾನೇ. ರಾಜೇಸಾಬನ ಕಣ್ಣು ಅಂಗಡಿಯೊಳಗೆ ವೀರನು ಕೂರುವ ಗಾದಿಯ ಮುಂದಿನ ಮೇಜಿನ ಮೇಲೆ ಬಿತ್ತು. ಫ್ಯಾನಿನ ಗಾಳಿಗೆ ಟೆಂಡರು ಚೀಟಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಅವು ಹಾರಿಹೋಗದಂತೆ ಮೇಲೆ ಐದು ಸೀಸದ ಬಿಲ್ಲೆಗಳು ಸಾಲಾಗಿ ಕುಳಿತಿದ್ದವು.

“ತೂಕಕ್ಕ ಛಲೋ ಅದಾವು ಅಂತ ಇಟ್ಟಿದ್ದೆ,” ಎಂದನು ವೀರ.

ಎರಡೂ ಪಾಪ ಒಂದೇ ಕೈಯವು, ಎರಡನ್ನೂ ಹೊತ್ತವನು ಇನ್ನೊಬ್ಬ. ಆ ಇನ್ನೊಬ್ಬನು ಅಂದೇ ಚಕ್ರಗಳನ್ನು ಹಾವೇರಿಗೆ ಒಯ್ದು ಯಂತ್ರದ ಮೇಲೆ ತೂಗಿಸಿ, ಹೊಸ ಬಿಲ್ಲೆ ಅಂಟಿಸಿ ತಂದು ಕೂಡಿಸಿದನು. ಐರಾವತವು ಎಂಬತ್ತರಲ್ಲಿ ಎಣ್ಣೆಯ ಮೇಲೆ ಹರಿದಂತೆ ಹರಿಯಿತು.

“ನನಗೇನೂ ಬ್ಯಾಡ್ರಿ,” ಎಂದನು ರಾಜೇಸಾಬ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದನು. “ಮಂದಿಗೆ ಹೇಳೂದೂ ಬ್ಯಾಡ. ರವಿವಾರ ಮಾಸ್ತರ್ರು ನಿಮ್ಮ ಬಾಜೂಕ ಕುಂತಾಗ ಒಂದ್ ಮಾತ್ ಹೇಳ್ರಿ, ರಾಜೇಸಾಬಂದು ತಪ್ಪಿರಲಿಲ್ಲ ಅಂತ. ಅವ್ರಿಗೆ ಗೊತ್ತಾದ್ರ ಸಾಕು.”

“ಹೇಳ್ತೀನಿ. ಈ ದೇವರ ದಾರದಾಣಿ,” ಎಂದು ವೀರನು ಪ್ರತಿಜ್ಞೆಗೈದನು.

ರವಿವಾರ ಹತ್ತು ಗಂಟೆಗೆ ಗುತ್ತಲ ಮಾಸ್ತರರು ಚರ್ಮಾಸನವನ್ನು ಅಲಂಕರಿಸಿದರು. ಕುಳಿತವರೇ ಎರಡೂ ಕಿವಿಗಳಿಂದ ಕೇಳುವ ಮಷೀನನ್ನು ತೆಗೆದು, ಚಷ್ಮಾದ ಡಬ್ಬಿಯಲ್ಲಿಟ್ಟು ಮುಚ್ಚಿದರು. “ಗಾಡ್ಯಾಗ ಇದು ಬರೇ ಗುಂಯ್ ಅಂತೈತಿ ತಮ್ಮಾ. ಊರು ಬಂದ್ ಮ್ಯಾಲೆ ಹಾಕ್ಕೋತೀನಿ.”

ಅಯ್ಯೋ, ಪಟ್ಟೇದರನ್ನು ಸೋಲಿಸಿ ಗೆದ್ದ ಮೌನವೇ! ಯಾರ ಕಿವಿಗಾಗಿ ಇಷ್ಟೆಲ್ಲ ಆಯಿತೋ ಆ ಕಿವಿ ಡಬ್ಬಿಯಲ್ಲಿ! ವೀರನು ಹುಬ್ಬು ಗಂಟಿಕ್ಕಿ ಗಾಡಿ ಹೊರಡಿಸಿದನು. ಆದರೆ ಹೆದ್ದಾರಿಗೆ ಬರುವಷ್ಟರಲ್ಲಿ ಅವನ ಮುಖ ಮೆಲ್ಲಮೆಲ್ಲನೆ ಅರಳಿತು. ಮುಳ್ಳು ಎಂಬತ್ತಕ್ಕೆ ಬರುವವರೆಗೆ ಕಾದು, ರಸ್ತೆಯಿಂದ ಕಣ್ಣು ಕೀಳದೆ, ಸ್ಪಷ್ಟವಾದ ದನಿಯಲ್ಲಿ ಅವನು ಹೇಳಿದನು: “ಸರ್ರ, ರಾಜೇಸಾಬಂದು ಏನೂ ತಪ್ಪಿರಲಿಲ್ರಿ. ದಾರ ಸಿಗ್ಸಿದವನೂ ನಾನ, ಸೀಸ ಕಿತ್ತವನೂ ನಾನ.”

ಅವನ ತುಟಿ ಅಲುಗಿದ್ದನ್ನು ಕಂಡು ಮಾಸ್ತರರು ನಕ್ಕು ತಲೆದೂಗಿದರು. “ಹೌದಪಾ, ಈ ಸಲ ಮೆಣಸಿನಕಾಯಿ ಛಲೋ ಬಂದಾವಂತ.”

ಸಭೆಯಲ್ಲಿ ಮಾಸ್ತರರ ಕಿವಿಗೆ ಮಷೀನು ಮರಳಿತು. ವೀರನು ಮೂರು ತಾಸು ಅವರ ಪಕ್ಕದಲ್ಲೇ ಕುಳಿತಿದ್ದನು, ಹಾರ ಹಾಕಿದನು, ಭಾಷಣ ಮಾಡಿದನು. ಆ ಒಂದು ಮಾತು ಮಾತ್ರ ಎರಡನೆಯ ಸಲ ಹೊರಬೀಳಲಿಲ್ಲ. ಕೊನೆಯ ಸಾಲಿನಲ್ಲಿ ರಾಜೇಸಾಬ ಒಗೆದ ಅಂಗಿ ಹಾಕಿಕೊಂಡು ಕುಳಿತಿದ್ದನು.

ಸೋಮವಾರ ಮಹಾರುದ್ರಪ್ಪನು ರಾಜೇಸಾಬನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದನು.

“ಹೇಳಿದ್ರೇನ್ರಿ?”

“ಹೇಳಿದೆ ಮಾರಾಯಾ. ಒಂದಕ್ಷರ ಬಿಡದ ಹೇಳಿದೆ.”

“ಏನಂದ್ರು?”

“ನಕ್ರು. ಹೌದಪಾ ಅಂದ್ರು.”

ರಾಜೇಸಾಬ ಕೈ ಒರೆಸುವ ಅರಿವೆಯನ್ನು ಹುಡುಕುವವನಂತೆ ಗೋಡೆಯ ಕಡೆ ತಿರುಗಿದನು. ಆಮೇಲೆ ಮೂಗು ಒರೆಸಿಕೊಂಡು ಎದುರಿನ ಹೋಟೆಲಿಗೆ ತಾನೇ ಹೋಗಿ ಎರಡು ಚಹಾ ತಂದನು. ದೊಡ್ಡ ಕಪ್ಪನ್ನು ಸಾವಕಾರರ ಕೈಗೆ ಕೊಟ್ಟನು.

ಪರದೂಷಣಧುರಂಧರನು ಒಂದು ಗುಟುಕು ಕುಡಿದು ಮುಖ ಕಿವುಚಿದನು.

“ಸಕ್ಕರಿ ಕಡಿಮಿ ಆಗೈತಿ ನೋಡು.”