ಟವಲಿನ ಕೆಳಗೆ ಸಿಕ್ಕಿಕೊಂಡ ಕೈ

ಚೌಕಾಸಿ ಮಾಡದೆ ಯಾವ ವಸ್ತುವನ್ನೂ ಮನೆಯೊಳಗೆ ತರಬಾರದು ಎಂಬುದು ನನ್ನ ಜೀವನದ ಮೂಲಮಂತ್ರ. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ಹಗ್ಗ, ಒಂದು ಬಾರುಕೋಲು. ಅಷ್ಟರಿಂದಲೇ ಶಿವಮೊಗ್ಗದ ದನದ ಸಂತೆಯಲ್ಲಿ ‘ಎತ್ತಿನ ಈರಣ್ಣ’ ಎಂದು ಹೆಸರು ಮಾಡಿದವನು ನಾನು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಬಲ್ಲೆ, ಮುಖ ನೋಡಿ ಅದರ ಒಡೆಯನ ಅವಸರ ಹೇಳಬಲ್ಲೆ. ಇಂಥವನಿಗೆ ಒಂದು ಮಾತ್ರೆ ಆರಿಸಿಕೊಳ್ಳುವುದು ಎಷ್ಟರ ಕೆಲಸ!

ಬಲಗೈ ಬೆರಳುಗಳ ಗೆಣ್ಣುಗಳು ಬಾತುಕೊಳ್ಳಲು ಶುರುವಾದದ್ದು ಮೂರು ನಾಲ್ಕು ನೂರಕ್ಕೆ ಎತ್ತಿನ ಜೋಡಿ ಸಿಗುತ್ತಿದ್ದ ಕಾಲದ ಒಂದು ಚಳಿಗಾಲದಲ್ಲಿ. ಬೆಳಿಗ್ಗೆ ಎದ್ದರೆ ಕೈ ಮರದ ಸೌಟಿನ ಹಾಗೆ. ಮಡಿಸಿದರೆ ಬಿಡಿಸಲಾಗದು, ಬಿಡಿಸಿದರೆ ಮಡಿಸಲಾಗದು. ಬೇರೆಯವರಿಗಾದರೆ ಇದು ಬರೀ ನೋವು, ನನಗೆ ಅನ್ನದ ಪ್ರಶ್ನೆ. ಏಕೆಂದರೆ ನಮ್ಮ ವ್ಯಾಪಾರ ನಡೆಯುವುದು ಬಾಯಲ್ಲಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವಲು ಹೊದಿಸುತ್ತಾರೆ. ಅದರ ಕೆಳಗೆ ಎದುರಿನವನ ಎಷ್ಟು ಬೆರಳು ಹಿಡಿದರೆ ಅಷ್ಟು ನೂರು ರೂಪಾಯಿ. ಬೇಡವಾದರೆ ಬೆರಳು ಬಿಡಬೇಕು. ಸುತ್ತ ನಿಂತವರಿಗೆ ಬೆಲೆ ತಿಳಿಯಕೂಡದು. ಬಾಯಿಬಿಟ್ಟು ಹೇಳಿದವನು ಆ ಕ್ಷಣದಿಂದ ವ್ಯಾಪಾರಿಯೇ ಅಲ್ಲ! ಹಾಗಾಗಿ ಬೆರಳು ಹೋದರೆ ಎತ್ತಿನ ಈರಣ್ಣನೂ ಹೋದಂತೆಯೇ.

“ರೀ, ಡಾಕ್ಟ್ರ ಹತ್ರ ಹೋಗಿ ಬನ್ನಿ” ಎಂದಳು ಹೆಂಡತಿ ಗೌರಮ್ಮ.

“ಅಲ್ಲಿ ಚೌಕಾಸಿ ನಡೆಯಲ್ಲ ಮಾರಾಯ್ತಿ. ಚೌಕಾಸಿ ನಡೆಯದ ಕಡೆ ನಾನು ಕಾಲಿಡಲ್ಲ.”

“ಹಾಗಾದ್ರೆ ನಾಳೆಯಿಂದ ಅನ್ನ ಕಲಸಿ ಬಾಯಿಗಿಡು ಅಂತ ನನ್ನ ಕೇಳ್ಬೇಡಿ. ಈಗ್ಲೇ ಹೇಳಿದೀನಿ!”

ನನಗೊಂದು ಉಪಾಯ ಹೊಳೆಯಿತು. ಗೌರಮ್ಮನ ತಮ್ಮ ಶಿವಲಿಂಗ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಂಡಿ ಹಿಡಿದುಕೊಂಡು ಕುಂಟುತ್ತಿದ್ದವನು ಅಲ್ಲಿನ ಡಾಕ್ಟರೊಬ್ಬರ ಮಾತ್ರೆಯಿಂದ ದಡದಡನೆ ನಡೆಯತೊಡಗಿದ್ದ. ಫಲ ಕಣ್ಣೆದುರಿಗೇ ಇರುವಾಗ ಡಾಕ್ಟರು ಯಾಕೆ ಬೇಕು? ಬಸ್ಸು ಹತ್ತಿ ಹೋಗಿ ಅವನ ಮಾತ್ರೆಯಲ್ಲೇ ಪಾಲು ಕೇಳಿದೆ.

“ಭಾವ, ಇದು ನನ್ನ ಮಂಡಿ ನೋಡಿ ಕೊಟ್ಟಿದ್ದು. ನೀವೂ ಒಂದ್ಸಲ ಕೈ ತೋರಿಸ್ಬಿಡಿ” ಎಂದ.

“ಮಂಡಿ ಆದ್ರೇನು, ಬೆರಳಾದ್ರೇನು? ಕೀಲು ಕೀಲೇ ಕಣೋ!”

ಪಾಪ, ನನ್ನೆದುರು ಅವನ ವಾದ ಎಷ್ಟು ಹೊತ್ತು ನಿಂತೀತು? ಪೊಟ್ಟಣ ಕಟ್ಟಿಕೊಟ್ಟ. ಬಸ್ಸು ಹೊರಟ ಮೇಲೂ ಕಿಟಕಿಯ ಜೊತೆ ಓಡುತ್ತ, “ಒಂದೊಂದೇ ಭಾವ! ಊಟ ಆದ್ಮೇಲೆ!” ಎಂದು ಕೂಗಿದ. ನಾನು ಕೈ ಬೀಸಿದೆ. ಎಡಗೈ.

ಮನೆಗೆ ಬಂದು ಗಂಭೀರವಾಗಿ ಆಲೋಚಿಸಿದೆ. ಮಂಡಿ ದೊಡ್ಡದು, ಅದಕ್ಕೆ ಇಡೀ ಮಾತ್ರೆ. ಬೆರಳು ಸಣ್ಣದು, ಇದಕ್ಕೆ ಇಡೀ ಮಾತ್ರೆ ಹಾಕುವುದು ದುಂದು! ಅಡಕತ್ತರಿಯಿಂದ ಕತ್ತರಿಸಿ ಅರ್ಧರ್ಧ ನುಂಗಿದೆ. ಬೆರಳಿಗೆ ಸುದ್ದಿಯೇ ಮುಟ್ಟಲಿಲ್ಲ. ಅಷ್ಟರಲ್ಲಿ ಸಂತೆಯ ದಿನ ಬಂತು. ಚಿಲ್ಲರೆ ವ್ಯಾಪಾರದಲ್ಲಿ ಗಿಟ್ಟದ್ದು ಸಗಟಿನಲ್ಲಿ ಗಿಟ್ಟುತ್ತದೆ ಎಂಬ ಅನುಭವ ನನಗಿತ್ತಲ್ಲ, ಉಳಿದಿದ್ದ ಮಾತ್ರೆಗಳನ್ನೆಲ್ಲ ಒಟ್ಟಿಗೇ ಬಾಯಿಗೆ ಹಾಕಿಕೊಂಡೆ. ಅದೂ ಖಾಲಿ ಹೊಟ್ಟೆಯಲ್ಲಿ. ನಡುವೆ ರೊಟ್ಟಿ ಅಡ್ಡ ಕೂತರೆ ಮದ್ದು ಬೆರಳು ತಲುಪುವುದು ತಡವಾಗುವುದಿಲ್ಲವೆ?

ಸ್ವಲ್ಪ ಹೊತ್ತಿಗೆ ಎರಡೂ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. “ಇದೇನೇ, ಭದ್ರಾವತಿ ಕಾರ್ಖಾನೆ ಕೂಗು ಇಲ್ಲೀವರೆಗೂ ಕೇಳಿಸ್ತಿದೆ?” ಎಂದೆ. ಗೌರಮ್ಮ ಏನೋ ಉತ್ತರ ಕೊಟ್ಟಳು. ತುಟಿ ಅಲ್ಲಾಡಿದ್ದು ಮಾತ್ರ ಕಾಣಿಸಿತು. ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದಂತಿತ್ತು. ಆದರೂ ಟವಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟೆ.

ಸಂತೆಯಲ್ಲಿ ಬಾಷಾ ಸಾಬರು ಒಂದು ಬಿಳಿ ಜೋಡಿಯನ್ನು ನಿಲ್ಲಿಸಿಕೊಂಡಿದ್ದರು. ವ್ಯಾಪಾರದಲ್ಲಿ ಅವರು ನನ್ನ ಹಳೆಯ ಎದುರಾಳಿ, ಅಷ್ಟೇ ಹಳೆಯ ಗೆಳೆಯ. ಮೂರು ಬೆರಳು ಹಿಡಿಯುವುದು, ಅದಕ್ಕೆ ಮೇಲೆ ಹೋಗದಿರುವುದು ಎಂದು ನಿಶ್ಚಯಿಸಿ ಕೈ ಕೊಟ್ಟೆ. ಕೈ ಮೇಲೆ ಟವಲು ಬಿತ್ತು. ಜನ ಸೇರಿದರು.

ಮೂರು ಬೆರಳು ಹಿಡಿಯಹೋದ ನನ್ನ ಬಾತ ಕೈಗೆ ಲೆಕ್ಕ ತಪ್ಪಿ ಅವರ ಕಿರುಬೆರಳೂ ಒಳಗೆ ಸಿಕ್ಕಿಕೊಂಡಿತು. ಒಂದು ನೂರು ಹೆಚ್ಚು! ಬಿಡೋಣವೆಂದರೆ ಕೈ ಬಿಚ್ಚಿಕೊಳ್ಳುತ್ತಿಲ್ಲ. ಸಾಬರು ಅದೂ ಸಾಲದೆಂಬಂತೆ ಹುಬ್ಬೇರಿಸಿ ಬೆರಳು ಎಳೆದುಕೊಳ್ಳಲು ನೋಡಿದರು. ಎಳೆದಷ್ಟೂ ನನ್ನ ಗೆಣ್ಣುಗಳಲ್ಲಿ ಪ್ರಾಣ ಹೋಗುತ್ತಿತ್ತು. ಬಾಯಿಬಿಟ್ಟು ಹೇಳುವಂತಿಲ್ಲ, ಬೆರಳು ಬಿಟ್ಟು ಹೇಳಲಾಗುತ್ತಿಲ್ಲ. ಕಣ್ಣಲ್ಲಿ ನೀರು ಬಂತು. “ಅಮ್ಮಾ!” ಎಂದುಬಿಟ್ಟೆ.

ಸಾಬರು ನನ್ನ ಮುಖ ನೋಡಿ ಕರಗಿಹೋದರು. ಅವರು ಅಂದದ್ದು ಆಗ ನನಗೆ ಕೇಳಿಸಲಿಲ್ಲ, ಆಮೇಲೆ ಊರೆಲ್ಲ ಹೇಳಿತು. “ಅರೆ ಈರಣ್ಣ, ಅಳ್ತೀರಾ ಯಾಕೆ? ಇಷ್ಟು ಆಸೆಪಟ್ಟು ಹಿಡಿದ್ಮೇಲೆ ಇನ್ನೂ ಜಾಸ್ತಿ ಕೇಳಿದ್ರೆ ಖುದಾ ಮೆಚ್ತಾನಾ? ಸೌದಾ ಪಕ್ಕಾ!”

ಅವರು ‘ಬೇಡ’ ಎನ್ನುತ್ತಿದ್ದಾರೆಂದುಕೊಂಡು ನಾನು ಸಂತೋಷದಿಂದ ತಲೆಯಾಡಿಸಿದೆ!

ಸಾಬರು ಟವಲು ಎತ್ತಿದರು. ಟವಲು ಹೋಯಿತು, ನನ್ನ ಕೈ ಹೋಗಲಿಲ್ಲ. ಯಾರಿಗೂ ಕಾಣಬಾರದ ಬೆಲೆ ಬಟ್ಟಬಯಲಲ್ಲಿ, ಹಗಲು ಬೆಳಕಿನಲ್ಲಿ, ಜನರೆಲ್ಲ ಬೆರಳೆಣಿಸಿ ನೋಡುವಂತೆ ನಿಂತಿತ್ತು. “ವ್ಯಾಪಾರ ಆಯ್ತಲ್ಲ, ಕೈ ಬಿಡಿ ಮಾರಾಯ್ರೇ!” ಎಂದು ಸಾಬರು ಎಳೆಯುತ್ತಾರೆ, ನಾನು ಅವರ ಹಿಂದೆಯೇ ಹೋಗುತ್ತೇನೆ. ಹಗ್ಗವಿಲ್ಲದೆ ಹಿಂಬಾಲಿಸಿದ ಪ್ರಾಣಿ ಆವತ್ತಿನ ಸಂತೆಯಲ್ಲಿ ನಾನೊಬ್ಬನೇ!

ಕೊನೆಗೆ ಹೋಟೆಲಿನಿಂದ ಬಿಸಿನೀರು ತರಿಸಿ ಕೈ ಬಿಡಿಸಿದರು. ಹೊಟ್ಟೆ ಹಿಡಿದುಕೊಂಡು ಕುಸಿದವನನ್ನು ಸಾಬರೇ ಗಾಡಿಯಲ್ಲಿ ಮಲಗಿಸಿ ಕೋಟೆ ಹತ್ತಿರದ ನಮ್ಮ ಮನೆಗೆ ತಂದರು. ಗಾಡಿ ಎಳೆದದ್ದು ನಾನು ಹೆಚ್ಚಿಗೆ ಕೊಟ್ಟು ಕೊಂಡ ಅದೇ ಜೋಡಿ.

ಗೌರಮ್ಮ ನನ್ನ ಬೆರಳಿನ, ಮಾತ್ರೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಸಾಬರು ತಮ್ಮ ಕಿರುಬೆರಳು ನೀವಿಕೊಂಡರು. “ನೋವಿಗೆ ಹಿಡಿದ ಬೆರಳು ವ್ಯಾಪಾರ ಅಲ್ಲ ಅಕ್ಕ. ನನ್ನ ಕಿರುಬೆರಳು ನಾನು ವಾಪಸ್ ತಗೊಂಡೆ. ಆ ದುಡ್ಡಲ್ಲಿ ಮೊದಲು ಇವರಿಗೆ ಔಷಧಿ ಕೊಡಿಸಿ” ಎಂದರು. ನನ್ನ ಆಯುಷ್ಯದಲ್ಲಿ ಚೌಕಾಸಿ ಮಾಡದೆ ಇಳಿದ ಬೆಲೆ ಅದೊಂದೇ.

ಗೌರಮ್ಮ ನನ್ನನ್ನು ಭದ್ರಾವತಿಗೆ ಎಳೆದುಕೊಂಡು ಹೋದಳು. ಶಿವಲಿಂಗನ ಡಾಕ್ಟರು ಎಲ್ಲ ಕೇಳಿ, “ಕಿವಿ ಗುಂಯ್ ಅಂದಾಗ ಏನ್ ಮಾಡಿದ್ರಿ?” ಎಂದರು.

“ಸಂತೆಗೆ ಹೋದೆ.”

“ಭೇಷ್! ಇನ್ನೊಂದು ನಾಲ್ಕು ನುಂಗಿದ್ರೆ ಸಂತೆಗಿಂತ ದೂರ ಹೋಗ್ತಿದ್ರಿ. ಅವನ ಮಂಡಿ ನೋವೇ ಬೇರೆ, ನಿಮ್ಮ ಕೀಲೂತವೇ ಬೇರೆ ಕಣ್ರೀ. ಮೊದಲು ಹೊಟ್ಟೆ ಸರಿಯಾಗ್ಲಿ. ಆಮೇಲೆ ಒಂದು ಮಾತ್ರೆ ಕೊಡ್ತೀನಿ, ದಿನಕ್ಕೆ ಮೂರು, ಊಟದ ಮೇಲೆ.”

ಹುಟ್ಟುಗುಣ ಎಲ್ಲಿ ಹೋದೀತು? “ಎರಡಕ್ಕೆ ಮುಗಿಸ್ಕೊಳ್ಳಿ ಡಾಕ್ಟ್ರೇ” ಎಂದೆ.

ಡಾಕ್ಟರು ಗೌರಮ್ಮನ ಕಡೆ ತಿರುಗಿದರು. “ಮಾತ್ರೆ ನಿಮ್ಮ ಕೈಯಲ್ಲಿರ್ಲಿ ತಾಯಿ.”

ಮೊದಲು ಕೊಟ್ಟದ್ದು ನನ್ನ ಹೊಟ್ಟೆಗೆ ಒಗ್ಗಲಿಲ್ಲ. ಬದಲಾಯಿಸಿದರು. ಎರಡನೆಯದಕ್ಕೆ ಮೈಯೆಲ್ಲ ದದ್ದು. ಅದನ್ನೂ ಬದಲಾಯಿಸಿದರು. ಬೇಸರಿಸಿಕೊಳ್ಳದೆ, ಬೈದರೂ ನಗುನಗುತ್ತಾ ಬೈದು, ನನಗೆ ಸರಿಹೊಂದುವುದನ್ನು ಹುಡುಕಿಯೇ ಬಿಟ್ಟರು. ಗೌರಮ್ಮ ಹೊತ್ತು ಹೊತ್ತಿಗೆ ಊಟ ಹಾಕಿ, ಅಂಗೈಗೆ ಮಾತ್ರೆ ಇಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು, ನಾನು ಎತ್ತಿನ ಹಲ್ಲು ನೋಡುವ ಹಾಗೆ. ಒಂದು ಬೆಳಿಗ್ಗೆ ಅಂಗಿಯ ಗುಂಡಿಯನ್ನು ನಾನೇ ಹಾಕಿಕೊಂಡೆ. ಅವಳು ಒಲೆಯ ಕಡೆ ಮುಖ ತಿರುಗಿಸಿ ಹೊಗೆಯೆಂದು ಕಣ್ಣೊರೆಸಿಕೊಂಡಳು. ಒಲೆ ಹಚ್ಚಿಯೇ ಇರಲಿಲ್ಲ. ಸಾಬರು, ಡಾಕ್ಟರು, ಗೌರಮ್ಮ, ಈ ಮೂವರ ಋಣಕ್ಕೆ ಬೆಲೆ ಕಟ್ಟಲು ನನಗಿನ್ನೂ ಬಂದಿಲ್ಲ. ಓದುಗರಿಗೆ ನನ್ನ ಬುದ್ಧಿವಾದ ಇಷ್ಟೇ: ಎತ್ತು ಕೊಳ್ಳುವಾಗ ನನ್ನನ್ನು ಕೇಳಿ, ಮಾತ್ರೆ ನುಂಗುವಾಗ ಡಾಕ್ಟರನ್ನು ಕೇಳಿ.

ಮತ್ತೆ ಸಂತೆಗೆ ಹೋದೆ. ಬಾಷಾ ಸಾಬರೇ ಎದುರಾದರು, ಪಕ್ಕದಲ್ಲಿ ಒಳ್ಳೆಯ ಕಂದು ಜೋಡಿ. ಟವಲು ಹೊದಿಸಿದೆವು. ಎರಡು ಬೆರಳು ಹಿಡಿದೆ. ಬಿಟ್ಟೆ. ಕೈ ಎಷ್ಟು ಸಲೀಸಾಗಿ ಬಿಟ್ಟಿತು! ನಂಬಲಾಗದೆ ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಆಹಾ! ಹಿಡಿದೆ, ಬಿಟ್ಟೆ, ಹಿಡಿದೆ, ಬಿಟ್ಟೆ. ಎತ್ತು ಮರೆತೇಹೋಯಿತು, ಬೆಲೆ ಮರೆತೇಹೋಯಿತು.

ಸಾಬರು ಬಹಳ ಹೊತ್ತು ತಾಳಿಕೊಂಡರು. ಕೊನೆಗೆ ಸಂತೆಗೆಲ್ಲ ಕೇಳುವಂತೆ ಹೇಳಿದರು:

“ಈರಣ್ಣ, ಬೆಲೆ ಹೇಳ್ತಿದೀರೋ, ಹಾಲು ಕರೀತಿದೀರೋ?”

ಜನ ನಕ್ಕು ಮುಗಿಸುವಷ್ಟರಲ್ಲಿ ಬೇರೆ ಯಾರೋ ಸಾಬರ ಇನ್ನೊಂದು ಕೈ ಹಿಡಿದು ಆ ಜೋಡಿಯನ್ನು ಕೊಂಡು ಹೊಡೆದುಕೊಂಡು ಹೋಗಿದ್ದರು.